ರುಬಿಡಿಯಂ ಸಾಕೇ, ಸೀಸಿಯಂ ಬೇಕೇ? ತಿಂಗಳುಗಟ್ಟಲೆ ನಿಲ್ಲುವ ಆವರ್ತನಕ್ಕೆ ಒಂದು ಹೋಲಿಕೆಯ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಇಟ್ಟಿಗೆಗಿಂತ ಚಿಕ್ಕದಾದ ಒಂದು ಲೋಹದ ಡಬ್ಬಿ ಇದೆ. 24 ವೋಲ್ಟ್ ಕೊಟ್ಟರೆ ಕೆಲವು ನಿಮಿಷ ತನ್ನಷ್ಟಕ್ಕೆ ಬಿಸಿಯಾಗಿ, ಆಮೇಲೆ 10 ಮೆಗಾಹರ್ಟ್ಸ್ ಸಂಕೇತ ಹೊರಡಿಸುತ್ತದೆ. ಒಳಗಿರುವುದು ರುಬಿಡಿಯಂ ಪರಮಾಣು ಆಸಿಲೇಟರ್, ಅಂದರೆ ರುಬಿಡಿಯಂ ಪರಮಾಣುವಿನ ಲಯ ನೋಡಿ ತಾಳ ಹಾಕುವ ಪರಮಾಣು ಗಡಿಯಾರ. ಯಾವುದೋ ದೂರಸಂಪರ್ಕ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದು ಗುಜರಿಗೆ ಬಿದ್ದದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನುತ್ತಾರೆ. ಇದು ಮಾತ್ರ ನನಗೆ ಅಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿಕೊಂಡೆ.

ತಂದ ಹೊಸತರಲ್ಲಿ ಜಿಪಿಎಸ್ ನೋಡಿ ಅದನ್ನು ಸರಿಮಾಡಿ, ಆಂಟೆನಾ ಕಿತ್ತು, ಒಂದು ತಿಂಗಳು ಅದರ ಪಾಡಿಗೆ ಬಿಟ್ಟೆ. ತಿಂಗಳ ಕೊನೆಗೆ ಅಳೆದಾಗ ಅರವತ್ತು ಮೈಕ್ರೊಸೆಕೆಂಡಿನ ಆಸುಪಾಸು ಓಡಿಹೋಗಿತ್ತು. ಕೆಟ್ಟ ಮಾಲು ಕಟ್ಟಿದರು ಎಂದು ಬೈದುಕೊಂಡೆ. ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅದು ತನ್ನ ವಿವರಪಟ್ಟಿಯಲ್ಲಿ ಬರೆದದ್ದನ್ನೇ ಚಾಚೂ ತಪ್ಪದೆ ಮಾಡಿತ್ತು.

ಅಂದಿನಿಂದ ಯಾರಾದರೂ "ಯಾವ ಪರಮಾಣು ಗಡಿಯಾರ ಕೊಳ್ಳಲಿ?" ಎಂದರೆ ನಾನು ಬೆಲೆ ಕೇಳುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತೇನೆ. ಎಷ್ಟು ಹೊತ್ತು ಅದು ಹೊರಗಿನ ನೆರವಿಲ್ಲದೆ ನಿಲ್ಲಬೇಕು? ಅಷ್ಟು ಹೊತ್ತಿನಲ್ಲಿ ಎಷ್ಟು ತಪ್ಪಿದರೆ ನಿಮ್ಮ ಕೆಲಸ ಕೆಡುತ್ತದೆ?

ಮೊದಲು ಲೆಕ್ಕ

ಈ ಕಸುಬಿನ ಅಂಕಿಗಳೆಲ್ಲ 10⁻¹¹, 10⁻¹², 10⁻¹³ ಎಂದು ಓಡುತ್ತವೆ. ಹೆದರಬೇಕಿಲ್ಲ. ಬಜೆಟ್ ಸುದ್ದಿಯ ದಯೆಯಿಂದ ನಮಗೆಲ್ಲ ಲಕ್ಷ ಕೋಟಿಯ ಪರಿಚಯವಿದೆ. 10⁻¹² ಎಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಆವರ್ತನ ಅಷ್ಟು ತಪ್ಪಿದ್ದರೆ, 86,400 ಸೆಕೆಂಡುಗಳ ಒಂದು ದಿನದಲ್ಲಿ ಗಡಿಯಾರ 86 ನ್ಯಾನೊಸೆಕೆಂಡು ತಪ್ಪುತ್ತದೆ.

ತಪ್ಪು ಎರಡು ಬಗೆಯದು. ಆವರ್ತನ ಒಂದೇ ಸಮ ತಪ್ಪಾಗಿದ್ದರೆ ಕಾಲದ ತಪ್ಪು ದಿನದಿನಕ್ಕೆ ಸಮನಾಗಿ ಕೂಡುತ್ತದೆ. ಆವರ್ತನವೇ ನಿಧಾನವಾಗಿ ಜಾರುತ್ತಿದ್ದರೆ, ಅಂದರೆ ಡ್ರಿಫ್ಟ್ ಇದ್ದರೆ, ಕಾಲದ ತಪ್ಪು ವರ್ಗದಲ್ಲಿ ಬೆಳೆಯುತ್ತದೆ: ಜಾರುವ ದರ, ಗುಣಿಸು ಕಾಲದ ವರ್ಗ, ಅದರ ಅರ್ಧ. ನನ್ನ ಡಬ್ಬಿಯ ಜಾತಿಯ ರುಬಿಡಿಯಂಗಳಿಗೆ ತಿಂಗಳಿಗೆ 5×10⁻¹¹ ಜಾರುವಿಕೆ ಮಾಮೂಲು. ಲೆಕ್ಕ ಹಾಕಿದರೆ ಮೊದಲ ದಿನ 0.07 ಮೈಕ್ರೊಸೆಕೆಂಡು, ತಿಂಗಳಿಗೆ 65 ಮೈಕ್ರೊಸೆಕೆಂಡು, ವರ್ಷಕ್ಕೆ ಒಂಬತ್ತೂವರೆ ಮಿಲಿಸೆಕೆಂಡು. ದಿನ ಮೂವತ್ತು ಪಟ್ಟಾದರೆ ತಪ್ಪು ಒಂಬೈನೂರು ಪಟ್ಟು. ಬಡ್ಡಿ ಚಕ್ರಬಡ್ಡಿಯ ಹಾಗೆ.

ಇದೇ ತಕ್ಕಡಿಯಲ್ಲಿ ಉಳಿದವನ್ನೂ ತೂಗಿ ನೋಡಿ. ಒಲೆಯೊಳಗಿಟ್ಟ ಒಳ್ಳೆಯ ಕ್ವಾರ್ಟ್ಜ್ ಹರಳು, ಅಂದರೆ ಓಸಿಎಕ್ಸ್ಒ, ದಿನಕ್ಕೆ 10⁻¹⁰ ಜಾರಿದರೆ ಮೊದಲ ದಿನವೇ 4.3 ಮೈಕ್ರೊಸೆಕೆಂಡು, ತಿಂಗಳಿಗೆ ಸುಮಾರು 4 ಮಿಲಿಸೆಕೆಂಡು. ಬೆಂಕಿಪೊಟ್ಟಣದ ಗಾತ್ರದ ಚಿಪ್ ಪರಮಾಣು ಗಡಿಯಾರ ತಿಂಗಳಿಗೆ 9×10⁻¹⁰ ಜಾರಿದರೆ ದಿನಕ್ಕೆ 1.3 ಮೈಕ್ರೊಸೆಕೆಂಡು, ತಿಂಗಳಿಗೆ 1.2 ಮಿಲಿಸೆಕೆಂಡು. ಸೀಸಿಯಂ ಪರಮಾಣುಗಳ ಕಿರಣದಿಂದ ನಡೆಯುವ ಗಡಿಯಾರಕ್ಕೆ ಲೆಕ್ಕಕ್ಕೆ ಸಿಗುವಂಥ ಜಾರುವಿಕೆ ಇಲ್ಲ. ಅದರ ಆವರ್ತನ 5×10⁻¹³ ಅಷ್ಟು ತಪ್ಪಿದ್ದರೂ ದಿನಕ್ಕೆ 43 ನ್ಯಾನೊಸೆಕೆಂಡು, ತಿಂಗಳಿಗೆ 1.3 ಮೈಕ್ರೊಸೆಕೆಂಡು.

ಮೊದಲ ದಿನದ ಅಂಕಿಗಳಲ್ಲಿ ರುಬಿಡಿಯಂ ಸೀಸಿಯಂನ ಪಕ್ಕದಲ್ಲೇ ಕೂತಿದೆ. ತಿಂಗಳ ಅಂಕಿಗಳಲ್ಲಿ ಐವತ್ತು ಪಟ್ಟು ಹಿಂದೆ ಬಿದ್ದಿದೆ. "ಎಷ್ಟು ಹೊತ್ತು?" ಎಂದು ಮೊದಲು ಕೇಳುವುದು ಇದಕ್ಕೇ. ಬೇರೆ ಬೇರೆ ಅವಧಿಗೆ ಬೇರೆ ಬೇರೆ ಸ್ಥಿರತೆ ಎಂಬುದನ್ನು ಒಂದೇ ಗೆರೆಯಲ್ಲಿ ತೋರಿಸುವ ಲೆಕ್ಕವನ್ನು ಡೇವಿಡ್ ಅಲನ್ 1966ರಲ್ಲಿ ಕೊಟ್ಟರು. ಅಲನ್ ವಿಚಲನೆಯ ನಕ್ಷೆ ಇಲ್ಲದ ವಿವರಪಟ್ಟಿಯನ್ನು ಯಾರಾದರೂ ಕೈಗಿತ್ತರೆ, ಆ ನಕ್ಷೆ ಕೇಳಿ ತರಿಸಿಕೊಳ್ಳಿ. ಒಂದು ಸೆಕೆಂಡಿನ ಅಂಕಿ ನೋಡಿ ವರ್ಷದ ಗಡಿಯಾರ ಕೊಳ್ಳಬಾರದು.

ರುಬಿಡಿಯಂ ಯಾಕೆ ಜಾರುತ್ತದೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕಾಯಿಲೆ ಗೊತ್ತಾದರೆ ಮದ್ದಿಗೆ ಕೊಡುವ ದುಡ್ಡು ಉಳಿಯುತ್ತದೆ.

ರುಬಿಡಿಯಂ-87 ಪರಮಾಣು ಎರಡು ಮಟ್ಟಗಳ ನಡುವೆ ಹೊಯ್ದಾಡುವ ಆವರ್ತನ ಸೆಕೆಂಡಿಗೆ ಸುಮಾರು 683 ಕೋಟಿ 46 ಲಕ್ಷ 82 ಸಾವಿರದ 610 ಬಾರಿ. ಇದನ್ನು ಪ್ರಕೃತಿ ನಿಗದಿ ಮಾಡಿದೆ, ಎಲ್ಲಿ ಅಳೆದರೂ ಒಂದೇ. ಆದರೆ ಡಬ್ಬಿಯೊಳಗಿನ ಪರಮಾಣುವನ್ನು ಅದರ ಪಾಡಿಗೆ ಬಿಟ್ಟವರು ಯಾರು? ಅದರ ಮೇಲೆ ರುಬಿಡಿಯಂ ದೀಪದ ಬೆಳಕು ಬೀಳುತ್ತಿರುತ್ತದೆ. ಮೈಕ್ರೊತರಂಗ ತಾಗುತ್ತಿರುತ್ತದೆ. ಗಾಜಿನ ಕೋಶದ ಗೋಡೆಗೆ ಬಡಿದು ಲಯ ಕೆಡದಿರಲೆಂದು ತುಂಬಿದ ನೈಟ್ರೋಜನ್, ಆರ್ಗಾನ್‌ನಂಥ ಅನಿಲದ ಅಣುಗಳು ಸದಾ ಡಿಕ್ಕಿ ಹೊಡೆಯುತ್ತಿರುತ್ತವೆ. ಇವು ಒಂದೊಂದೂ ಆವರ್ತನವನ್ನು ಒಂದಿಷ್ಟು ಎಳೆಯುತ್ತವೆ. ಎಳೆತ ಒಂದೇ ಸಮ ಇದ್ದರೆ ಚಿಂತೆಯಿಲ್ಲ. ವರ್ಷಗಳ ಓಟದಲ್ಲಿ ಅದು ಬದಲಾಗುತ್ತದೆ.

ದೀಪದ ಗಾಜು ರುಬಿಡಿಯಂ ಅನ್ನು ಚೂರುಚೂರೇ ಹೀರಿಕೊಳ್ಳುತ್ತದೆ, ಬೆಳಕಿನ ತೀವ್ರತೆ ಬದಲಾಗುತ್ತದೆ, ಅದರ ಜೊತೆಗೆ ಬೆಳಕಿನ ಎಳೆತವೂ. ಅನಿಲದ ಎಳೆತ ಉಷ್ಣತೆಗೆ ಬದಲಾಗುತ್ತದೆ. ನೈಟ್ರೋಜನ್ ಒಂದು ಕಡೆಗೆ ಎಳೆದರೆ ಆರ್ಗಾನ್ ಇನ್ನೊಂದು ಕಡೆಗೆ ಎಳೆಯುವುದರಿಂದ, ಎರಡನ್ನೂ ಹದವಾಗಿ ಬೆರೆಸಿ ಉಷ್ಣತೆಯ ಪ್ರಭಾವವನ್ನು ತಗ್ಗಿಸುತ್ತಾರೆ. ಸಾರಿಗೆ ಹುಳಿ ಖಾರ ಸರಿದೂಗಿಸಿದ ಹಾಗೆ, ಪೂರ್ತಿ ಸರಿಹೋಗುವುದು ಅಪರೂಪ.

ನನಗೆ ಮೋಜೆನಿಸುವ ಕಳ್ಳ ಹೀಲಿಯಂ. ನಾವು ಉಸಿರಾಡುವ ಗಾಳಿಯ ಪ್ರತಿ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ಐದು ಪಾಲು ಹೀಲಿಯಂ. ಅದು ಗಾಜಿನೊಳಗಿಂದಲೇ ನುಸುಳಿ ಕೋಶದೊಳಗೆ ಸೇರಿಕೊಂಡು ಆವರ್ತನವನ್ನು ಮೇಲಕ್ಕೆ ತಳ್ಳುತ್ತದೆ. ಬೋರೋಸಿಲಿಕೇಟ್ ಗಾಜಿನಲ್ಲಿ ಬೇಗ ನುಸುಳುತ್ತದೆ, ಅಲ್ಯೂಮಿನೋಸಿಲಿಕೇಟ್ ಗಾಜಿನಲ್ಲಿ ತುಂಬ ನಿಧಾನ. ಆದ್ದರಿಂದ ಹೊಸ ರುಬಿಡಿಯಂ ಕೊಳ್ಳುವವರು ಕೋಶದ ಗಾಜು ಯಾವುದೆಂದು ಕೇಳುವುದು ಅಧಿಕಪ್ರಸಂಗವಲ್ಲ. ಸೋರಿಕೆ ಪರೀಕ್ಷೆಗೆ ಹೀಲಿಯಂ ಬಳಸುವ ಕೋಣೆಯಲ್ಲಿ ರುಬಿಡಿಯಂ ಇಡುವುದಂತೂ ಬೆಲ್ಲದ ಡಬ್ಬಿಯನ್ನು ಇರುವೆ ಗೂಡಿನ ಪಕ್ಕ ಇಟ್ಟಂತೆ.

ಇಷ್ಟಾಗಿಯೂ ಒಂದು ಮಾತು ಹೇಳಲೇಬೇಕು. ಜಾರುವುದೇ ದೊಡ್ಡ ದೋಷವಲ್ಲ. ನಮ್ಮ ಅಜ್ಜನ ಮನೆಯ ಗೋಡೆ ಗಡಿಯಾರ ವಾರಕ್ಕೆ ಐದು ನಿಮಿಷ ಮುಂದೋಡುತ್ತಿತ್ತು. ಭಾನುವಾರ ಕೀಲಿ ಕೊಡುವಾಗ ಅಜ್ಜ ಐದು ನಿಮಿಷ ಹಿಂದಕ್ಕೆ ತಿರುಗಿಸುತ್ತಿದ್ದರು; ನಡುವಾರದಲ್ಲಿ ಸಮಯ ಕೇಳಿದರೆ ಎರಡು ಮೂರು ನಿಮಿಷ ಕಳೆದು ಹೇಳುತ್ತಿದ್ದರು. ಆ ಗಡಿಯಾರದಿಂದ ಯಾರಿಗೂ ಬಸ್ಸು ತಪ್ಪಲಿಲ್ಲ. ರುಬಿಡಿಯಂ ಕೂಡ ದಿನಕ್ಕೆ ಇಷ್ಟೇ ಎಂದು ಒಂದೇ ದರದಲ್ಲಿ ಜಾರಿದರೆ ಸಣ್ಣ ಪ್ರೊಗ್ರಾಮು ಅದನ್ನು ಕಳೆದು ಬಿಡುತ್ತದೆ. ಕಾಡುವುದು ಆ ದರ ಬದಲಾಗುವುದು. ಸುಧಾರಣೆಯ ಕೆಲಸವೆಲ್ಲ ಈ ಬದಲಾವಣೆಯನ್ನು ಹಿಡಿಯುವುದರಲ್ಲೇ ಇದೆ.

ಇರುವುದನ್ನೇ ಸುಧಾರಿಸುವುದು

ಕೈಯಲ್ಲಿ ಈಗಾಗಲೇ ರುಬಿಡಿಯಂ ಇದ್ದರೆ ಸೀಸಿಯಂನ ಬೆಲೆ ವಿಚಾರಿಸುವ ಮೊದಲು ಅದರ ತಳ ಮುಟ್ಟಿ ನೋಡಿ. ನನ್ನ ಡಬ್ಬಿಯ ಕಾಲದ ತಪ್ಪು ಹೊತ್ತುಹೊತ್ತಿಗೆ ಎಷ್ಟೆಂದು ತೋರಿಸುವ ನಕ್ಷೆಯಲ್ಲಿ ದಿನವೂ ಮೂರು ಗಂಟೆಯ ಹೊತ್ತಿಗೆ ಒಂದು ಗೂನು ಏಳುತ್ತಿತ್ತು. ವಿದ್ಯುತ್ತನ್ನು ಸಂಶಯಿಸಿದೆ, ಕೇಬಲ್ ಬದಲಾಯಿಸಿದೆ. ಕೊನೆಗೊಂದು ಮೋಡದ ದಿನ ಗೂನೇ ಏಳಲಿಲ್ಲ. ಆಗ ಹೊಳೆಯಿತು: ಪಡುವಣ ಕಿಟಕಿಯ ಬಿಸಿಲು ಮೇಜಿನ ಮೇಲೆ ಬರುವ ಹೊತ್ತು ಅದು. ಫ್ಯಾನ್ ಹಚ್ಚಿದೆ, ಇನ್ನೂ ಕೆಟ್ಟಿತು, ಏಕೆಂದರೆ ಈಗ ಕೋಣೆಯ ಗಾಳಿಯ ಪ್ರತಿ ಏರಿಳಿತವೂ ನೇರ ಡಬ್ಬಿಗೆ ತಲುಪುತ್ತಿತ್ತು. ಕೆಲಸ ಮಾಡಿದ್ದು ಬೇರೆ: ದಪ್ಪ ಅಲ್ಯೂಮಿನಿಯಂ ಹಲಗೆಗೆ ಡಬ್ಬಿಯನ್ನು ಬಿಗಿದು, ಸುತ್ತ ಥರ್ಮೊಕೋಲ್ ಪೆಟ್ಟಿಗೆ ಕಟ್ಟಿ, ಹಲಗೆಯ ಉಷ್ಣತೆ ನೋಡಿಕೊಂಡು ವೇಗ ಹೆಚ್ಚು ಕಡಿಮೆ ಮಾಡುವ ಸಣ್ಣ ಫ್ಯಾನ್ ಕೂರಿಸಿದೆ. ತಂಪಾಗಿಡುವುದಕ್ಕಿಂತ ಒಂದೇ ಸಮ ಇಡುವುದು ಮುಖ್ಯ. ಉಷ್ಣತೆಯಿಂದ ಆವರ್ತನ 10⁻¹¹ ಕದಲಿದರೂ ದಿನಕ್ಕೆ 0.86 ಮೈಕ್ರೊಸೆಕೆಂಡು ಹೋಯಿತು. ಮೇಲೆ ಹೇಳಿದ ಜಾರುವಿಕೆಯ 0.07 ಅದರ ಮುಂದೆ ಏನೂ ಅಲ್ಲ.

ಕಾಂತಕ್ಷೇತ್ರವನ್ನೂ ಮರೆಯಬೇಡಿ. ರುಬಿಡಿಯಂನ ಸುತ್ತ ಸುರುಳಿಯೊಂದು ಸಣ್ಣ ಕ್ಷೇತ್ರವನ್ನು ಹಿಡಿದಿರುತ್ತದೆ, ಆವರ್ತನ ಆ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿ ಸರಿಯುತ್ತದೆ, ಸೂಕ್ಷ್ಮವಾಗಿ ಶ್ರುತಿ ಮಾಡುವುದೂ ಅದರಿಂದಲೇ. ದೊಡ್ಡ ಟ್ರಾನ್ಸ್‌ಫಾರ್ಮರ್ ಪಕ್ಕ ಇಡಬಾರದು, ಒಮ್ಮೆ ಇಟ್ಟ ದಿಕ್ಕನ್ನು ಬದಲಿಸಬಾರದು. ಮತ್ತೆ ಮತ್ತೆ ಆರಿಸಿ ಹಚ್ಚಲೂಬಾರದು. ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿಯ ಆಸರೆ ಶೋಕಿಯಲ್ಲ.

ಇಷ್ಟು ಮಾಡಿದ ಮೇಲೆ ಜಿಪಿಎಸ್ ಲಗಾಮು. ಉಪಗ್ರಹದ ಕಾಲ ದೀರ್ಘಾವಧಿಯಲ್ಲಿ ಬಹಳ ಗಟ್ಟಿ, ಕ್ಷಣಕ್ಷಣಕ್ಕೆ ಮಾತ್ರ ನಡುಗುತ್ತದೆ. ರುಬಿಡಿಯಂ ಅದಕ್ಕೆ ತದ್ವಿರುದ್ಧ. ಇಬ್ಬರನ್ನೂ ಕೂಡಿಸುವಾಗ ಎಷ್ಟು ಹೊತ್ತಿಗೊಮ್ಮೆ ಲಗಾಮು ಎಳೆಯಬೇಕು ಎಂಬುದೇ ಎಲ್ಲ. ಜಿಪಿಎಸ್ ಗ್ರಾಹಕ (ರಿಸೀವರ್) ಸೆಕೆಂಡಿಗೊಮ್ಮೆ ಕೊಡುವ ಮಿಡಿತ 10 ನ್ಯಾನೊಸೆಕೆಂಡು ನಡುಗುತ್ತದೆ ಎಂದಿಟ್ಟುಕೊಳ್ಳಿ. ಸಾವಿರ ಸೆಕೆಂಡಿನಲ್ಲಿ ಅದು 10⁻¹¹ ಅನಿಶ್ಚಿತತೆ. ರುಬಿಡಿಯಂ ಆ ಅವಧಿಯಲ್ಲಿ ಅದಕ್ಕಿಂತ ಚೊಕ್ಕ, ಹಾಗಾಗಿ ಜಿಪಿಎಸ್ ಮಾತು ಕೇಳಬಾರದು. ಒಂದು ದಿನದಲ್ಲಿ ಜಿಪಿಎಸ್ 10⁻¹³ರ ಹತ್ತಿರ ಬರುತ್ತದೆ. ಆಗ ಕೇಳದಿದ್ದರೆ ನಷ್ಟ. ತಿಂಗಳಿಗೆ 5×10⁻¹¹ ಜಾರುವ ರುಬಿಡಿಯಂಗೆ ಈ ಎರಡು ಗೆರೆಗಳು, ಅಂದರೆ ಇಳಿಯುತ್ತಾ ಬರುವ ಜಿಪಿಎಸ್ ಅನಿಶ್ಚಿತತೆ ಮತ್ತು ಏರುತ್ತಾ ಹೋಗುವ ಜಾರುವಿಕೆ, ಏಳೆಂಟು ಗಂಟೆಯ ಸುಮಾರಿಗೆ ಸಂಧಿಸುತ್ತವೆ. ಕ್ವಾರ್ಟ್ಜ್‌ಗೆ ಅದು ಒಂದು ಗಂಟೆಯಷ್ಟೇ. ಕ್ವಾರ್ಟ್ಜ್‌ಗೆಂದು ಬರೆದ ಪ್ರೊಗ್ರಾಮನ್ನೇ ರುಬಿಡಿಯಂಗೆ ಹಾಕಿ, ನಿಮಿಷಕ್ಕೊಮ್ಮೆ ತಿದ್ದುತ್ತಾ, ದುಬಾರಿ ರುಬಿಡಿಯಂ ಅನ್ನು ಅಗ್ಗದ ಜಿಪಿಎಸ್ ಗ್ರಾಹಕದ ನಡುಕಕ್ಕೆ ಇಳಿಸಿದವರನ್ನು ಕಂಡಿದ್ದೇನೆ. ನಾನೂ ಒಂದು ವಾರ ಅವರಲ್ಲಿ ಒಬ್ಬನಾಗಿದ್ದೆ.

ಲಗಾಮು ಹಾಕಿದ ವ್ಯವಸ್ಥೆ ಜಾರುವ ದರವನ್ನೂ ಕಲಿತುಕೊಂಡಿರಬೇಕು. ಆಗ ಆಂಟೆನಾ ಸಿಡಿಲಿಗೆ ಸುಟ್ಟರೂ, ಯಾರಾದರೂ ಜಾಮರ್ ಹಚ್ಚಿದರೂ, ಕಲಿತ ದರವನ್ನು ಕಳೆಯುತ್ತಾ ಅದು ತನ್ನ ಬಲದ ಮೇಲೆ ನಿಲ್ಲುತ್ತದೆ. ದೂರಸಂಪರ್ಕದವರು ಹೋಲ್ಡೋವರ್ ಎನ್ನುವುದು ಇದನ್ನೇ. ಕಾಲ ಹಂಚಿಕೊಂಡು ಕೆಲಸ ಮಾಡುವ ಟಿಡಿಡಿ ಮೊಬೈಲ್ ಜಾಲಗಳಿಗೆ 1.5 ಮೈಕ್ರೊಸೆಕೆಂಡಿನ ಮಿತಿ ಇದೆ. ಒಂದು ದಿನ ಜಿಪಿಎಸ್ ಇಲ್ಲದೆ ಆ ಮಿತಿಯೊಳಗೆ ಇರಬೇಕೆಂದರೆ ಮೇಲಿನ ಅಂಕಿಗಳನ್ನೇ ಮತ್ತೆ ನೋಡಿ: ಸಾಧಾರಣ ಕ್ವಾರ್ಟ್ಜ್ ಹೊರಗೆ, ಚಿಪ್ ಗಡಿಯಾರ ಹೊಸ್ತಿಲ ಮೇಲೆ, ಉಷ್ಣತೆ ಕಾಯ್ದ ರುಬಿಡಿಯಂ ಆರಾಮಾಗಿ ಒಳಗೆ. ಈ ಕೆಲಸಕ್ಕೆ ಸೀಸಿಯಂ ಕೊಳ್ಳಿ ಎಂದವರು ಮಾರಾಟಗಾರರೇ ಇರಬೇಕು.

ಸೀಸಿಯಂ ಮತ್ತು ಮೇಸರ್

ಸೀಸಿಯಂ ಬೇಕಾಗುವುದು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ನಿಲ್ಲಬೇಕಾದವರಿಗೆ. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಸೀಸಿಯಂ-133ರ 919 ಕೋಟಿ 26 ಲಕ್ಷ 31 ಸಾವಿರದ 770 ಆವರ್ತಗಳು. ಕಿರಣದ ಗಡಿಯಾರದಲ್ಲಿ ಪರಮಾಣುಗಳು ನಿರ್ವಾತದಲ್ಲಿ ಹಾರಿ ಹೋಗುತ್ತವೆ; ಡಿಕ್ಕಿ ಹೊಡೆಯಲು ಅನಿಲವಿಲ್ಲ, ನುಸುಳಿದ ಹೀಲಿಯಂನ ಕಾಟವಿಲ್ಲ. ಅದಕ್ಕೇ ಅದು ಹೆಚ್ಚು ಕಡಿಮೆ ಜಾರುವುದಿಲ್ಲ. ಈ ವರ್ಗದ ಹಳೆಯ ಕುದುರೆ 1991ರಲ್ಲಿ ಬಂದ 5071ಎ ಎಂಬ ಮಾದರಿ. ಪರಮಾಣುಗಳು ಹಾರುವ ಅದರ ಕೊಳವೆ ಎರಡು ಬಗೆಯದು: ಉನ್ನತ ದರ್ಜೆಯ ಕೊಳವೆಗೆ ನಿಖರತೆ 5×10⁻¹³, ಸಾಧಾರಣ ಕೊಳವೆಗೆ 10⁻¹².

ಆದರೆ ಹಾರಿದ ಸೀಸಿಯಂ ವಾಪಸು ಬರುವುದಿಲ್ಲ, ಕೊಳವೆಯೊಳಗಿನ ದಾಸ್ತಾನು ಕರಗುತ್ತಾ ಹೋಗುತ್ತದೆ. ಉನ್ನತ ದರ್ಜೆಯ ಕೊಳವೆಯಲ್ಲಿ ಕಿರಣ ದಟ್ಟ, ಆದ್ದರಿಂದ ಆಯುಷ್ಯವೂ ಕಡಿಮೆ. ಕೊಳವೆ ಬದಲಿಸುವ ಖರ್ಚು ಹೊಸ ಯಂತ್ರದ ಬೆಲೆಯ ದೊಡ್ಡ ಪಾಲು. ತಿಂಗಳ ಮೇಲಿನ ಸ್ಥಿರತೆಯಷ್ಟೇ ಸಾಕಾದರೆ ಸಾಧಾರಣ ಕೊಳವೆಯೇ ಜಾಣತನ ಎಂದು ನನ್ನ ಅಭಿಪ್ರಾಯ. ಬಳಸಿದ ಸೀಸಿಯಂ ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುವ ಮೊದಲು ಕೊಳವೆಯಲ್ಲಿ ಇನ್ನೇನು ಉಳಿದಿದೆ ಎಂದು ಕೇಳಿ.

ಹೈಡ್ರೋಜನ್ ಪರಮಾಣುಗಳೇ ಮೈಕ್ರೊತರಂಗ ಹೊರಡಿಸುವ ಹೈಡ್ರೋಜನ್ ಮೇಸರ್‌ದು ಬೇರೆ ಸ್ವಭಾವ. ಗೋಲ್ಡನ್‌ಬರ್ಗ್, ಕ್ಲೆಪ್ನರ್, ರಾಮ್ಸೆ 1960ರಲ್ಲಿ ಮಾಡಿ ತೋರಿಸಿದ ಇದು ಸೆಕೆಂಡಿನಿಂದ ದಿನದವರೆಗಿನ ಅವಧಿಯಲ್ಲಿ ಸೀಸಿಯಂ ಕಿರಣವನ್ನು ಮೈಲಿ ದೂರ ಹಿಂದಿಕ್ಕುತ್ತದೆ. ಒಂದು ದಿನದಲ್ಲಿ 10⁻¹⁵ರ ಸುಮಾರು. ಆಮೇಲೆ ಜಾರತೊಡಗುತ್ತದೆ. ಟೆಫ್ಲಾನ್ ಲೇಪಿಸಿದ ಬುರುಡೆಯ ಗೋಡೆ ಮುಪ್ಪಾಗುತ್ತದೆ, ಮೈಕ್ರೊತರಂಗದ ಕುಹರದ ಅಳತೆ ಎಳ್ಳಷ್ಟು ಬದಲಾಗಿ ಆವರ್ತನವನ್ನು ತನ್ನತ್ತ ಎಳೆಯುತ್ತದೆ. ಕುಹರವನ್ನು ತಾನೇ ಶ್ರುತಿ ಮಾಡಿಕೊಳ್ಳುವ ಮೇಸರ್‌ಗಳು ಈ ಜಾರುವಿಕೆಯನ್ನು ಬಹಳ ತಗ್ಗಿಸಿವೆ. ಇಷ್ಟಾದರೂ ಒಂದೇ ಮೇಸರ್ ಕೊಂಡು ವರ್ಷಗಟ್ಟಲೆ ಕಣ್ಣು ಮುಚ್ಚಿ ನಂಬುವ ಕಾಲಪಾಲಕರಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ಕಾಲಮಾನವನ್ನು ಕಾಯುವುದು ಸೀಸಿಯಂ ಮತ್ತು ಮೇಸರ್ ಎರಡನ್ನೂ ಇಟ್ಟುಕೊಂಡು. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿರುವ ಇಸ್ರೊ ಪಥದರ್ಶಕ ಕೇಂದ್ರದಲ್ಲೂ ಜಿಪಿಎಸ್‌ನಂಥ ನಮ್ಮದೇ ನಾವಿಕ್ ವ್ಯವಸ್ಥೆಯ ಕಾಲ ಹುಟ್ಟುವುದು ಈ ಎರಡು ಜಾತಿಯ ಗಡಿಯಾರಗಳ ಗುಂಪಿನಿಂದ. ಗುಂಪಿನ ಸರಾಸರಿ ಅದರ ಯಾವೊಬ್ಬ ಸದಸ್ಯನಿಗಿಂತ ಗಟ್ಟಿ. ನಿಮ್ಮಲ್ಲಿ ಹಣ ಇದ್ದು ಒಂದು ಉತ್ತಮ ಕೊಳ್ಳುವುದೋ ಮೂರು ಮಧ್ಯಮ ಕೊಳ್ಳುವುದೋ ಎಂಬ ಗೊಂದಲ ಇದ್ದರೆ, ಮೂರು ಕೊಳ್ಳಿ. ಎರಡಿದ್ದರೆ ಯಾವುದು ತಪ್ಪಿತೆಂದು ತಿಳಿಯುವುದಿಲ್ಲ, ಮೂರಿದ್ದರೆ ತಿಳಿಯುತ್ತದೆ.

ಆದರೆ ಇದರ ಬೆನ್ನಿಗೇ ಇನ್ನೊಂದು ಪಾಠವಿದೆ, ಅದನ್ನು ನಾವಿಕ್ ಕಷ್ಟದಿಂದ ಕಲಿಯಿತು. ಅದರ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎಯಲ್ಲಿದ್ದ ಮೂರೂ ಆಮದು ರುಬಿಡಿಯಂ ಗಡಿಯಾರಗಳು ಕೈಕೊಟ್ಟ ಸುದ್ದಿ 2017ರ ಆರಂಭದಲ್ಲಿ ಹೊರಬಿತ್ತು. ಅದೇ ಹೊತ್ತಿಗೆ ಯುರೋಪಿನ ಪಥದರ್ಶಕ ವ್ಯವಸ್ಥೆಯಾದ ಗೆಲಿಲಿಯೊದ ಉಪಗ್ರಹಗಳ ಗಡಿಯಾರಗಳೂ ನಿಲ್ಲುತ್ತಿದ್ದವು. ಒಂದೇ ಬಗೆಯ ಮೂರು ಇಟ್ಟರೆ ಮೂರಕ್ಕೂ ಒಂದೇ ರೋಗ ಬರಬಹುದು. 2023ರ ಮೇ 29ರಂದು ಹಾರಿದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ರೂಪುಗೊಂಡ ನಮ್ಮದೇ ರುಬಿಡಿಯಂ ಗಡಿಯಾರ ಇತ್ತು.

ಚಿಪ್ ಗಡಿಯಾರ, ಹೊಸ ತಲೆಮಾರು

ಚಿಪ್ ಗಡಿಯಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2011ರಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು 35 ಗ್ರಾಂ ತೂಗುತ್ತದೆ, 120 ಮಿಲಿವ್ಯಾಟ್ ಒಳಗೆ ಬದುಕುತ್ತದೆ. ಸಮುದ್ರದ ತಳದಲ್ಲಿ ಭೂಕಂಪನ ಅಳೆಯುವ ಉಪಕರಣಕ್ಕೆ, ಬೆನ್ನಿಗೆ ಹೊರುವ ರೇಡಿಯೊಗೆ ಅದಕ್ಕೆ ಸಾಟಿಯಿಲ್ಲ. ಗೋಡೆಯಲ್ಲಿ ಪ್ಲಗ್ ಇರುವವರು ಅದನ್ನು ಕೊಂಡರೆ ಬೇಡದ ಗುಣಕ್ಕೆ ದುಡ್ಡು ಕೊಟ್ಟಂತೆ.

ಹೊಸ ತಲೆಮಾರಿನವು ಕಾಯಿಲೆಯ ಬೇರಿಗೇ ಕೈಹಾಕಿವೆ. ಮಿಡಿತದ ಲೇಸರಿನ ರುಬಿಡಿಯಂನಲ್ಲಿ ಪರಮಾಣುವನ್ನು ಸಿದ್ಧಗೊಳಿಸಿದ ಬೆಳಕು, ಮೈಕ್ರೊತರಂಗ ಅದನ್ನು ಪ್ರಶ್ನಿಸುವ ಹೊತ್ತಿಗೆ ಆರಿರುತ್ತದೆ. ಬೆಳಕೇ ಇಲ್ಲದಾಗ ಬೆಳಕಿನ ಎಳೆತ ಎಲ್ಲಿಯದು? ತಣ್ಣಗಾಗಿಸಿದ ಪರಮಾಣುಗಳ ಗಡಿಯಾರಗಳಲ್ಲಿ ತುಂಬಿದ ಅನಿಲವೇ ಬೇಡ. ನಾಸಾದ ಜೆಪಿಎಲ್ ಪ್ರಯೋಗಾಲಯ ಮಾಡಿದ ಪಾದರಸದ ಅಯಾನು ಗಡಿಯಾರ ಗೋಡೆಯನ್ನೂ ಬಿಟ್ಟಿತು, ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿತು. 2019ರ ಜೂನ್‌ನಲ್ಲಿ ಕಕ್ಷೆಗೆ ಹೋದ ಅದರ ಜಾರುವಿಕೆ ದಿನಕ್ಕೆ 3×10⁻¹⁶ ಎಂದು ಅಳೆದರು. ನನ್ನ ಮೇಜಿನ ಡಬ್ಬಿ ದಿನಕ್ಕೆ ಜಾರುವುದು ಅದರ ಐದು ಸಾವಿರ ಪಟ್ಟಿಗಿಂತ ಹೆಚ್ಚು. ಸಂಶೋಧನಾಲಯದ ಹಣದಲ್ಲಿ ಕೊಳ್ಳುವವರು ತಣ್ಣನೆಯ ರುಬಿಡಿಯಂ ಅನ್ನು ಮೇಸರ್ ಜೊತೆ ತೂಗಿ ನೋಡಬಹುದು. ಉಳಿದವರಿಗೆ ಕಾಯುವುದೇ ಅಗ್ಗ.

ಯಾರಿಗೆ ಯಾವುದು

ಹವ್ಯಾಸಿ ರೇಡಿಯೊದವರಿಗೆ, ಕಾಲೇಜಿನ ಪ್ರಯೋಗಾಲಯಕ್ಕೆ, ಆಕಾಶ ಕಾಣುವ ಮಾಳಿಗೆ ಇದ್ದರೆ ಜಿಪಿಎಸ್ ಲಗಾಮಿನ ಕ್ವಾರ್ಟ್ಜ್ ಸಾಕು, ಪರಮಾಣುವೇ ಬೇಡ. ಆಂಟೆನಾ ದಿನಗಟ್ಟಲೆ ಹೋಗಬಹುದಾದ ಕಡೆ ಲಗಾಮಿನ ರುಬಿಡಿಯಂ. ಉಪಕರಣಗಳನ್ನು ಅಳೆದು ಪ್ರಮಾಣಪತ್ರ ಕೊಡುವ ಕೇಂದ್ರಕ್ಕೂ ರುಬಿಡಿಯಂ ಸಾಲುತ್ತದೆ, ಆದರೆ ಒಳಗೆ ಪರಮಾಣು ಇದೆ ಎಂಬುದು ಪ್ರಮಾಣವಾಗುವುದಿಲ್ಲ. ಅದನ್ನು ರಾಷ್ಟ್ರೀಯ ಮಾನಕಕ್ಕೆ ಸರಪಳಿ ಕಟ್ಟಿ ನಿಯಮಿತವಾಗಿ ಹೋಲಿಸಬೇಕು. ಉಪಗ್ರಹವನ್ನು ನಂಬುವಂತಿಲ್ಲ, ತಿಂಗಳಿಗೆ ಒಂದೆರಡು ಮೈಕ್ರೊಸೆಕೆಂಡು ಮೀರುವಂತಿಲ್ಲ ಎಂಬವರಿಗೆ ಮಾತ್ರ ಸೀಸಿಯಂ, ಅದೂ ಕೊಳವೆಯ ಮರುಖರೀದಿಯನ್ನು ಮೊದಲೇ ಆಯವ್ಯಯದಲ್ಲಿ ಸೇರಿಸಿ. ರೇಡಿಯೊ ಖಗೋಳದವರಿಗೆ ಮೇಸರ್, ಅವರಿಗೆ ಅದನ್ನು ನಾನು ಹೇಳಬೇಕಿಲ್ಲ.

ಗುಜರಿಯ ರುಬಿಡಿಯಂ ಕೊಳ್ಳುವವರಿಗೆ ಇನ್ನೊಂದು ಮಾತು. ಎಲ್‌ಪಿಆರ್‌ಒ ಎಂಬ ಮಾದರಿಯ ಡಬ್ಬಿಗಳಲ್ಲಿ ದೀಪದ ವೋಲ್ಟೇಜ್ ಹೊರಗೆ ತೋರಿಸುವ ಒಂದು ಪಿನ್ ಇರುತ್ತದೆ. ಬಿಸಿಯಾದ ಮೇಲೆ ಅದರ ಮೇಲೆ ಮೀಟರ್ ಇಟ್ಟ ಫೋಟೊ ಕಳಿಸಿ ಎಂದು ಮಾರುವವರನ್ನು ಕೇಳಿ. ತೀರ ಇಳಿದಿದ್ದರೆ ದೀಪದ ಆಯುಷ್ಯ ಮುಗಿಯುತ್ತಾ ಬಂದಿದೆ. ಮನೆಗೆ ಬಂದ ಮೇಲೆ ಹಚ್ಚಿ, ಉಷ್ಣತೆ ಕಾಯ್ದು, ಕೆಲವು ವಾರ ಸುಮ್ಮನೆ ಓಡಲು ಬಿಡಿ. ಬಹುಕಾಲ ಆರಿದ್ದ ದೀಪ, ಕೋಶಗಳು ಮತ್ತೆ ತಮ್ಮ ಹದಕ್ಕೆ ಬರಬೇಕು, ಆ ದಿನಗಳ ಜಾರುವಿಕೆ ಅದರ ನಿಜವಾದ ನಡತೆಯಲ್ಲ. ಅಲ್ಲಿಯವರೆಗೆ ಶ್ರುತಿಯ ತಿರುಪನ್ನು ಮುಟ್ಟಬೇಡಿ, ಪ್ರೊಗ್ರಾಮಿಗೂ ಜಾರುವ ದರ ಕಲಿಯಲು ಬಿಡಬೇಡಿ.